ಬಾಯಿ ತೆರೆಯುವ ಮೊದಲೇ ಮಾತಾಡುವ ಪ್ಲೇಯರ್

ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೂರನೆಯ ರೊಟ್ಟಿ ಹಂಚಿನ ಮೇಲಿತ್ತು, ನಾಲ್ಕನೆಯದು ಕೈಯಲ್ಲಿತ್ತು. ಮೇದಿನಿ ಬಂದು ಅಡುಗೆಮನೆಯ ಬಾಗಿಲಿಗೆ ಆತು ನಿಂತಳು. ಎಂಟು ವರ್ಷದ ನನ್ನ ಮಗಳಿಗೆ ಮಾತು ತಡವರಿಸುತ್ತದೆ. ಮುಚ್ಚಿದ ರೈಲ್ವೆ ಗೇಟಿನ ಮುಂದೆ ಸೈಕಲ್ ನಿಂತ ಹಾಗೆ ಒಂದು ಅಕ್ಷರದ ಮುಂದೆ ನಿಂತುಬಿಡುತ್ತಾಳೆ. ಗೇಟು ತೆರೆದೇ ತೆರೆಯುತ್ತದೆ. ನಾವು ಕಾಯಬೇಕು, ಅಷ್ಟೆ.

"ಅಮ್ಮಾ, ನಾಳೆ ನಾ ಸು... ಸು... ಸುದ್ದಿ..."

ನಾನು ರೊಟ್ಟಿ ಹಿಡಿದುಕೊಂಡೇ ಕಾದೆ. ಸೋಮವಾರ ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಸರದಿ ಇವಳದು. ಅದರ ಬಗ್ಗೆ ಏನನ್ನೋ ಕೇಳಬೇಕೆಂದು ನಾಲ್ಕು ದಿನದಿಂದ ಬರುತ್ತಿದ್ದಾಳೆ, ಅರ್ಧಕ್ಕೇ ಹಿಂತಿರುಗುತ್ತಿದ್ದಾಳೆ. ಇವತ್ತು ಗೇಟು ತೆರೆಯುವ ಹಾಗಿತ್ತು.

"ಸುಜಯಾ, ಎಲ್ಲಾ ಬಿಟ್ಟು ಹೊರಗ ಬಾ," ಎಂದು ಪಡಸಾಲೆಯಿಂದ ನಮ್ಮ ಅತ್ತೆ ನೀಲಗಂಗವ್ವ ಕೂಗಿದರು. "ಕೂಸನ್ನೂ ಕರಕೊಂಡು ಬಾ."

ಅತ್ತೆ ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಜೋಡಿಸಿದವರು. ಗಿರಾಕಿ ಊರಿನ ಹೆಸರನ್ನು ಅರ್ಧ ಹೇಳುವಷ್ಟರಲ್ಲಿ ವಾಯರ್ ಚುಚ್ಚಿಬಿಡುತ್ತಿದ್ದರಂತೆ. ಬೆಳಗಾವಿ ಎನ್ನಲು 'ಬೆ' ಎಂದರೆ ಸಾಕು, ಬೆಳಗಾವಿ ಸಿಗುತ್ತಿತ್ತು. ಬೆಂಗಳೂರು ಬೇಕಾದವರಿಗೂ ಬೆಳಗಾವಿಯೇ ಸಿಗುತ್ತಿತ್ತು, ಅದು ಬೇರೆ ಮಾತು. ನಿವೃತ್ತಿಯಾದ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ಯಂತ್ರ ಮಾಡುತ್ತಾರೆ. ಹೋದ ವರ್ಷ ಅವರು ಮಾಡಿದ ತಾನೇ ಮಡಚಿಕೊಳ್ಳುವ ಛತ್ರಿ ಪಕ್ಕದ ಮನೆಯ ಬೆಕ್ಕನ್ನೂ ಒಳಗಿಟ್ಟು ಮಡಚಿಕೊಂಡಿತ್ತು. ಬೆಕ್ಕು ಬದುಕಿದೆ. ಆದರೆ ಈಗಲೂ ನಮ್ಮ ಮನೆಯ ಕಡೆ ನೋಡುವುದಿಲ್ಲ.

ಈ ಸಲ ಅವರ ಅಂಗೈಯಲ್ಲಿ ನನ್ನ ಗಂಡ ಶಿವಯೋಗಿಯ ಕಾಲೇಜು ದಿನಗಳ ಮ್ಯೂಸಿಕ್ ಪ್ಲೇಯರ್ ಇತ್ತು.

"ನನ್ನ ಪ್ಲೇಯರ್ ಬಿಚ್ಚೀಯೇನವ್ವಾ?" ಎಂದು ಶಿವಯೋಗಿ ಎದ್ದು ನಿಂತರು.

"ಬಿಚ್ಚಿ ಜೋಡ್ಸೀನಿ. ಕೂಡು."

ಆ ಪ್ಲೇಯರಿನೊಳಗೆ ಒಂದು ಪುಟ್ಟ ತಟ್ಟೆ ತಿರುಗುತ್ತಿತ್ತು. ಗುಂಡಿ ಒತ್ತಿದರೆ ಮೊದಲು ಕಿರ್ ಎನ್ನುತ್ತ ಸುತ್ತಿ, ನಾಲ್ಕು ಸೆಕೆಂಡು ಯೋಚಿಸಿ, ಆಮೇಲೆ ಹಾಡುತ್ತಿತ್ತು. ಮೇದಿನಿಗೆ ಅದು ಬಹಳ ಇಷ್ಟವಾಗಿತ್ತು. "ಇದೂ ನ... ನನ್ನಂಗ ಐತಿ," ಎಂದು ಒಂದು ದಿನ ನನಗೆ ಹೇಳಿದ್ದಳು. ನಾಲ್ಕು ತಿಂಗಳ ಹಿಂದೆ ಆ ತಟ್ಟೆ ಕೆಟ್ಟು ನಿಂತಾಗ ಅವಳು ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

"ಆ ತಿರಗೂ ಚಕ್ರಾ ತಗದು ಒಗದೆ," ಎಂದರು ಅತ್ತೆ. "ಈಗ ಒಳಗ ಬರೇ ಚಿಪ್ ಐತಿ. ತಿರಗಂಗಿಲ್ಲ, ಸವೆಯಂಗಿಲ್ಲ, ಯಾರನ್ನೂ ಕಾಯಸಂಗಿಲ್ಲ. ಜಾಗಾ ಮೊದಲಿನಕಿಂತ ನೂರು ಪಟ್ಟು."

"ನೂರು ಪಟ್ಟು ಹಾಡು ನಮ್ಮನ್ಯಾಗ ಎಲ್ಲದಾವ?"

"ಅದಕ್ಕ ಉಳದ ಜಾಗಾದಾಗ ಮಾತು ತುಂಬೀನಿ. ಮೂವತ್ತು ಸಾವಿರ ಮಾತು. ಎಲ್ಲಾ ನನ್ನ ದನಿಯೊಳಗ."

ಮೂರು ತಿಂಗಳು ಬಾಗಿಲು ಹಾಕಿಕೊಂಡು ಅವರು ಗುಣುಗುಡುತ್ತಿದ್ದುದನ್ನು ನಾವು ಜಪ ಎಂದುಕೊಂಡಿದ್ದೆವು.

ಅತ್ತೆ ಒಂದು ಮೆತ್ತನೆಯ ಪಟ್ಟಿಯನ್ನು ಮೇದಿನಿಯ ಕುತ್ತಿಗೆಗೆ ಕಟ್ಟಿ, ಅದರ ತಂತಿಯನ್ನು ಪ್ಲೇಯರಿಗೆ ಸಿಕ್ಕಿಸಿದರು. "ಮಾತು ಬಾಯಿಗೆ ಬರೂಕಿಂತ ಮೊದಲ ಗಂಟಲದಾಗಿನ ನರ ಅಲ್ಲಾಡ್ತಾವು. ಚಿಪ್ ಅದನ್ನ ಹಿಡದು ಉಳದ ಮಾತು ತಾನ ಹೇಳ್ತೈತಿ. ನನ್ನ ಕೂಸು ಇನ್ನ ತ್ರಾಸು ತಗೊಳೂದು ಬ್ಯಾಡ."

ಹೇಳುತ್ತ ಮೊಮ್ಮಗಳ ತಲೆ ನೇವರಿಸಿದರು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

"ಏನರ ಮಾತಾಡವಾ," ಎಂದರು.

"ನ..." ಎಂದಳು ಮೇದಿನಿ.

"ನನಗ ಹಸಿವಾಗೇತಿ, ರೊಟ್ಟಿ ಕೊಡ್ರಿ," ಎಂದಿತು ಪ್ಲೇಯರ್, ಎಕ್ಸ್‌ಚೇಂಜಿನ ಸ್ಪಷ್ಟ ದನಿಯಲ್ಲಿ.

ಶಿವಯೋಗಿ ತಮ್ಮ ಪ್ಲೇಯರಿನ ದುಃಖ ಮರೆತು ಚಪ್ಪಾಳೆ ತಟ್ಟಿದರು. ನಾನು ಓಡಿಹೋಗಿ ರೊಟ್ಟಿ ತಂದೆ. ಮೇದಿನಿ ತಿಂದಳು. ಹಸಿವಾಗಿತ್ತೇ ಎಂದು ಕೇಳುವುದು ನನಗೂ ಹೊಳೆಯಲಿಲ್ಲ.

ತಿಂದು ಮುಗಿಸಿ ನನ್ನ ಮುಂದೆ ಬಂದು ನಿಂತಳು. "ಅಮ್ಮಾ, ನಾಳೆ ನಾ ಸು..."

"ನಾಳೆ ನಾ ಸುದ್ದಿ ಓದಂಗಿಲ್ಲ. ಟೀಚರಿಗೆ ಚೀಟಿ ಬರದು ಕೊಡ್ರಿ," ಎಂದಿತು ಪ್ಲೇಯರ್.

"ಕೇಳಿದ್ಯಾ?" ಎಂದರು ಅತ್ತೆ ಹೆಮ್ಮೆಯಿಂದ. "ನಾಕು ದಿನದಿಂದ ಕೂಸಿನ ಹೊಟ್ಟ್ಯಾಗ ಇದಾ ಇತ್ತು."

ಮೇದಿನಿ ಮತ್ತೆ ಬಾಯಿ ತೆರೆದಳು. "ಅಷ್ಟ ರೀ, ಲೈನ್ ಬಿಡ್ರಿ," ಎಂದಿತು ಪ್ಲೇಯರ್.

ನಿಜ ಹೇಳಬೇಕೆಂದರೆ, ನಾನೂ ಹಾಗೆಯೇ ಊಹಿಸಿದ್ದೆ. ಮುನ್ನೂರು ಮಕ್ಕಳ ಮುಂದೆ ನಿಂತು ಓದಲು ಅವಳಿಗೆ ಹೆದರಿಕೆ ಎಂದು ಯಾರಾದರೂ ಊಹಿಸುತ್ತಿದ್ದರು. ಹಿಟ್ಟಿನ ಕೈಯಲ್ಲೇ ಚೀಟಿ ಬರೆದೆ: ಮೇದಿನಿಯ ಬದಲು ಬೇರೆಯವರಿಂದ ಓದಿಸಬೇಕಾಗಿ ವಿನಂತಿ. ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಓದಿದಳು, ಮಡಚಿದಳು, ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ಕುಳಿತಳು.

ಮೊದಲ ತೊಂದರೆ ಊಟದ ಹೊತ್ತಿಗೆ ಶುರುವಾಯಿತು. ಮೇದಿನಿ ಸುಮ್ಮನೆ ಕುಳಿತಿದ್ದರಿಂದ ಚಿಪ್ಪಿಗೆ ಕೈತುಂಬ ಬಿಡುವು. ಕೆಲಸವಿಲ್ಲದೆ ಕೂರಲಾರದ ಅದು ಸುತ್ತಲಿನವರ ಗಂಟಲುಗಳನ್ನೂ ದೂರದಿಂದಲೇ ಹಿಡಿಯತೊಡಗಿತು. ಶಿವಯೋಗಿ ಒಂದು ತುತ್ತು ಬಾಯಿಗಿಟ್ಟರೋ ಇಲ್ಲವೋ, "ಬದನೀಕಾಯಿ ಸೀದೈತಿ," ಎಂದಿತು.

"ನಾ ಹಂಗ ಅಂದಿಲ್ಲ," ಎಂದರು ಅವರು ಗಾಬರಿಯಿಂದ.

"ಗಂಟಲದಾಗ ಬಂದಿತ್ತಲ್ರೀ," ಎಂದೆ.

"ಬಂದಿತ್ತು. ನುಂಗಿದ್ದೆ. ಹನ್ನೆರಡು ವರ್ಷದಿಂದ ನುಂಗಾಕತ್ತೀನಿ."

ಆಮೇಲೆ ಪಕ್ಕದ ಮನೆಯ ಹೊಂಗಲ ಮಾಸ್ತರರು ಎಂದಿನಂತೆ ಪೇಪರ್ ಕೇಳಲು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಪ್ಲೇಯರ್, "ಪೇಪರ್ ಬರೇ ನೆಪಾ ರೀ, ಚಹಾ ಸಿಗತೈತೇನು ನೋಡಾಕ ಬಂದೀನಿ," ಎಂದಿತು. ಮಾಸ್ತರರು ಒಂದು ಗಳಿಗೆ ನಿಂತು ಯೋಚಿಸಿದರು. ಹೇಗೂ ಮಾತು ಹೊರಗೆ ಬಿದ್ದಾಯಿತು ಎಂದು ಕುಳಿತು, ಎರಡು ಲೋಟ ಕುಡಿದು ಹೋದರು. ಪೇಪರ್ ಮುಟ್ಟಲಿಲ್ಲ.

"ಬಂದ್ ಮಾಡವ್ವಾ ಅದನ್ನ," ಎನ್ನಲು ಶಿವಯೋಗಿ ಅತ್ತೆಯ ಎದುರು ಹೋಗಿ ನಿಂತರು. ಆದರೆ ಅದನ್ನು ಹೇಳಿದ್ದು ಪ್ಲೇಯರ್. ಅತ್ತೆಯ ಉತ್ತರವನ್ನೂ ಅದೇ ಹೇಳಿತು. ಇವರ ತಿರುಗೇಟನ್ನೂ ಅದೇ ಹೇಳಿತು. ಪ್ಲೇಯರಿನಿಂದ ಶುರುವಾದ ಜಗಳ ಛತ್ರಿಗೆ ಹೋಗಿ, ಅಲ್ಲಿಂದ ಪಿಯುಸಿಯಲ್ಲಿ ಇವರಿಗೆ ಬಂದ ಗಣಿತದ ಅಂಕಕ್ಕೆ ಹೋಗಿ, "ಆತು ಬಿಡವ್ವಾ, ತಪ್ಪಾತು," ಎಂಬಲ್ಲಿಗೆ ಬಂದು ನಿಂತಿತು. ಇಷ್ಟಕ್ಕೂ ಹಿಡಿದದ್ದು ಹನ್ನೊಂದು ಸೆಕೆಂಡು. ಇಬ್ಬರೂ ಇನ್ನೂ ಬಾಯಿ ತೆರೆದಿರಲಿಲ್ಲ.

"ನಾವೀಗ ಜಗಳಾ ಆಡಿದ್ವೇನು?" ಎಂದು ಅತ್ತೆ ನನ್ನನ್ನು ಕೇಳಿದರು.

"ಆಡಿ ರಾಜಿನೂ ಆದ್ರಿ, ಅತ್ತಿ."

"ಅಲ್ಲಾ, ನನಗೊಂದು ಛಲೋ ಮಾತು ಹೊಳದಿತ್ತು," ಎಂದು ಅವರು ಮುಖ ಸಪ್ಪೆ ಮಾಡಿಕೊಂಡರು. "ನಾನ ಅನ್ನಬೇಕಿತ್ತು ಅದನ್ನ."

ಅಲ್ಲಿಂದ ಮುಂದೆ ಅದು ಹಿಡಿತಕ್ಕೆ ಸಿಗಲಿಲ್ಲ. ನಾಳಿನ ಮಾತನ್ನು ಇವತ್ತೇ ಆಡಿತು. ದೀಪಾವಳಿಗೆ ಸೀರೆ ಆರಿಸಿತು, ಬಣ್ಣ ಒಪ್ಪಲಿಲ್ಲವೆಂದು ನನ್ನ ಪರವಾಗಿ ಬೇಸರಪಟ್ಟಿತು. ಬರಲಿರುವ ಬೇಸಿಗೆಯ ಸೆಕೆಯನ್ನು ಮೂರು ಜನರ ಪರವಾಗಿ ಬೈಯಿತು. ಸ್ವಿಚ್ಚಿನ ಕಡೆ ಕೈ ಚಾಚಿದರೆ, "ಈಗ ಬಂದ್ ಮಾಡೂದು ಬ್ಯಾಡ ಅಂತ ಎಲ್ಲಾರೂ ಒಪ್ಪೇವಿ," ಎಂದು ನಮ್ಮನ್ನೇ ಸಾಕ್ಷಿಗೆ ಕರೆಯಿತು. ಸಂಜೆ ಐದರ ಹೊತ್ತಿಗೆ ನಮ್ಮ ಮನೆಯ ಮುಂದಿನ ಎರಡು ವರ್ಷದ ಮಾತನ್ನೆಲ್ಲ ಆಡಿ ಮುಗಿಸಿ, "ಹೇಳೂದು ಕೇಳೂದು ಏನೂ ಉಳದಿಲ್ಲ. ನಮಸ್ಕಾರ," ಎಂದು ತಾನೇ ಆರಿಹೋಯಿತು.

ಶಿವಯೋಗಿ ಏನೋ ಹೇಳಲು ಹೋಗಿ, ಅದು ಆಗಲೇ ಹೇಳಿಯಾದ ಮಾತೆಂದು ನೆನಪಾಗಿ ಸುಮ್ಮನಾದರು. ಅತ್ತೆಗೂ ಹಾಗೆಯೇ ಆಯಿತು.

ನಾನು ಹಾಲು ಕಾಯಲು ಇಟ್ಟು ಒಲೆಯ ಮುಂದೆ ನಿಂತೆ. ದಿನವಿಡೀ ಕೆಲಸ ಮಾಡುತ್ತಲೇ ಆ ಪ್ಲೇಯರಿನ ಮಾತು ಕೇಳಿದ್ದೆ. ಎರಡು ವರ್ಷದ ಮಾತಿನಲ್ಲಿ ಮೇದಿನಿಯ ಪಾಲಿಗೆ ಬಂದದ್ದು 'ಹಸಿವಾಗೇತಿ', 'ಬ್ಯಾಡ', 'ನಾ ಬರಂಗಿಲ್ಲ', ಇಷ್ಟೇ. ಅದರ ಲೆಕ್ಕದಲ್ಲಿ ಹತ್ತು ವರ್ಷದವಳಾದರೂ ಅವಳು ಅದನ್ನೇ ಹೇಳುತ್ತಿದ್ದಳು.

"ಅತ್ತಿ," ಎಂದೆ, "ಮೂವತ್ತು ಸಾವಿರದಾಗ 'ನಾ ಮಾಡ್ತೀನಿ' ಅನ್ನೂದನ್ನ ಎಷ್ಟು ಸಲ ತುಂಬೀರಿ?"

ಪ್ಲೇಯರ್ ಆಡಿರದ ಮಾತು ಅದೊಂದೇ ಇರಬೇಕು. ಅತ್ತೆ ಬೆರಳು ಮಡಚಿ ಎಣಿಸಲು ಹೋಗಿ, ಒಂದೂ ಮಡಚದೆ ಕೈ ಇಳಿಸಿದರು.

"ನನಗ ಆ ಮಾತು ಹೊಳೀಲೇ ಇಲ್ಲವಾ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. "ಕೂಸಿಗೆ ತ್ರಾಸು ಆಗಬಾರದು ಅನ್ನೂದಷ್ಟ ತಲ್ಯಾಗಿತ್ತು."

ನನಗೆ ಅವರನ್ನು ಬೈಯಲಾಗಲಿಲ್ಲ. ಅವರು ಮಾತು ತುಂಬಿದ್ದರು, ನಾನು ಚೀಟಿ ಬರೆದಿದ್ದೆ. ಇಬ್ಬರೂ ಅವಳನ್ನು ಕೇಳಿರಲಿಲ್ಲ.

ಮೇದಿನಿ ಕಿಟಕಿಯಿಂದ ಎದ್ದಳು. ಕುತ್ತಿಗೆಯ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಮುಷ್ಟಿಯಲ್ಲಿದ್ದ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಅದನ್ನೂ ಪಕ್ಕದಲ್ಲಿಟ್ಟು ನಮ್ಮ ಮುಂದೆ ಬಂದು ನಿಂತಳು.

"ನಾಳೆ ನಾ ಸು... ಸು..."

ಅಭ್ಯಾಸಬಲದಿಂದ ಅತ್ತೆಯ ಬಾಯಿ ತೆರೆಯಿತು. ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಾಲು ಪಾತ್ರೆಯ ಅಂಚಿಗೆ ಬಂತು. ನಾನು ತಿರುಗಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಜೋಡಿಸಿದ ನಮ್ಮ ಅತ್ತೆ ಮೊದಲ ಸಲ ಪೂರ್ತಿ ನಂಬರ್ ಕೇಳಿಸಿಕೊಂಡರು.

"ಸುದ್ದಿ ಓದ್ತೀನಲ್ಲ," ಎಂದಳು ಮೇದಿನಿ, "ನೀವು ಮೂ... ಮೂರೂ ಮಂದಿ ಕೇ... ಕೇಳಾಕ ಬರ್ತೀರೇನು?"