ಕೊಟ್ರೇಶನ ಇಸುಬಿನ ಪರೀಕ್ಷೆ

ಕೊಟ್ರೇಶನ ಮೊಣಕೈ ಸಂದಿಯಲ್ಲಿ ಇಸುಬು ಇತ್ತು. ಇದ್ದರೆ ಇರಲಿ ಎಂದು ವರ್ಷಗಟ್ಟಲೆ ಕೆರೆದುಕೊಂಡೇ ಸಂಸಾರ ಮಾಡಿದ್ದ. ಆದರೆ ಹೆಂಡತಿ ಸವಿತಾ ತವರಿನಲ್ಲಿ ಹೆತ್ತ ಮಗಳನ್ನು ನೋಡಲು ಅವನು ಕೊಟ್ಟೂರಿಗೆ ಹೋದಾಗ ಅತ್ತೆ ಮಹಾಂತಮ್ಮ ತೊಟ್ಟಿಲಿಗೆ ಅಡ್ಡ ನಿಂತು, ಇಸುಬಿನ ಕೈಯಲ್ಲಿ ಕೂಸು ಮುಟ್ಟಬೇಡಿ ಎಂದುಬಿಟ್ಟಳು. ಅಂದಿನಿಂದ ಇಸುಬು ಅವನ ಶತ್ರುವಾಯಿತು. ಅದೇ ಅತ್ತೆ ಇವತ್ತು ಸಂಜೆಯ ಬಸ್ಸಿಗೆ ಮಗಳು, ಮೊಮ್ಮಗಳೊಂದಿಗೆ ಅವನಿರುವ ಜಿಗಣಿಯ ವಠಾರಕ್ಕೆ ಬರುವವಳಿದ್ದಳು.

ಬೆಳಿಗ್ಗೆ ಪಕ್ಕದ ರೂಮಿನ ಆಟೋ ನಲ್ಲಪ್ಪ ಸುದ್ದಿ ತಂದ. ಮೇನ್ ರೋಡಿನ ಸಂಶೋಧನಾ ಕೇಂದ್ರದಲ್ಲಿ ಇಸುಬಿಗೆ ಹೊಸ ಮುಲಾಮು ಪರೀಕ್ಷೆ ಮಾಡುತ್ತಾರಂತೆ, ಅದಕ್ಕೆ ಜನ ಬೇಕಂತೆ, ಇವತ್ತೇ ಆರಿಸುತ್ತಾರಂತೆ. ದೊಡ್ಡ ಡಾಕ್ಟರ ಔಷಧಿ ಶುರುವಾಯಿತು ಎಂದರೆ ಅತ್ತೆ ಕರಗಿಯಾಳು ಎಂದು ಕೊಟ್ರೇಶನಿಗೆ ಆಸೆ ಹುಟ್ಟಿತು.

ನಲ್ಲಪ್ಪ ಅವನ ಕೈ ನೋಡಿ ಮುಖ ಸಿಂಡರಿಸಿದ. "ಇಷ್ಟೇ ಇಸುಬಿಗೆ ಯಾವನ್ ಆರಿಸ್ತಾನೆ ಗುರು? ಆಸ್ಪತ್ರೇಲಿ ನರಳೋನ್ನೇ ಅಲ್ವಾ ಮೊದ್ಲು ನೋಡಾದು?"

ವಠಾರದ ಬಸಕ್ಕನಿಗೂ ಇದು ನ್ಯಾಯ ಎನಿಸಿತು. ಇಸುಬು ಕೆರಳಿಸಲು ಬದನೆಕಾಯಿಗಿಂತ ನಂಜು ಬೇರೆ ಇಲ್ಲವೆಂದು ಎಣ್ಣೆಗಾಯಿ ಮಾಡಿ, ರೊಟ್ಟಿಯೊಂದಿಗೆ ಮುಂದಿಟ್ಟಳು. ಇಸುಬಿನ ಪಥ್ಯದಲ್ಲಿ ಬದನೆಯ ಮುಖವನ್ನೇ ಮರೆತಿದ್ದ ಕೊಟ್ರೇಶ ಮೂರು ಸಲ ಬಡಿಸಿಕೊಂಡ. ಆಮೇಲೆ ನಲ್ಲಪ್ಪ ಅವನ ತೋಳಿಗೆ ಕಂಬಳಿ ಸುತ್ತಿ, ಬಿಸಿಲಿನಲ್ಲಿ ಆಟೋದಲ್ಲಿ ಸುತ್ತು ಹಾಕಿಸಿದ. ಕೇಂದ್ರ ತಲುಪುವ ಹೊತ್ತಿಗೆ ಇಸುಬು ಕಾದೆಣ್ಣೆಗೆ ಬಿದ್ದ ಸಂಡಿಗೆಯಂತೆ ಅರಳಿತ್ತು. ಕೊಟ್ರೇಶ ನರಳುವುದನ್ನು ನಟಿಸಬೇಕಾಗಿಯೇ ಇರಲಿಲ್ಲ.

ಡಾಕ್ಟರ್ ಶೀತಲ್ ಗಾಬರಿಯಾಗಿ ಅವನನ್ನು ಕೂರಿಸಿ ನೀರು ಕೊಟ್ಟರು. ನಡೆದದ್ದೆಲ್ಲ ಕೇಳಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಇದು ಮೊದಲನೇ ಹಂತ ಕಣ್ರೀ. ಮುಲಾಮಿನಿಂದ ತೊಂದ್ರೆ ಇದ್ಯಾ ಅಂತಷ್ಟೇ ಈಗ ನೋಡೋದು. ಅದಕ್ಕೆ ಚರ್ಮ ಚೆನ್ನಾಗಿರೋರೇ ಬೇಕು."

ಇಸುಬಿನವರ ಸರದಿ ಯಾವಾಗ ಎಂದರೆ, ಎಲ್ಲ ಸರಿಹೋದರೂ ವರ್ಷಗಳೇ ಹಿಡಿಯುತ್ತವೆಯಂತೆ. ಅಲ್ಲಿಯವರೆಗೆ ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರನ್ನು ನೋಡಲು ಹೇಳಿದರು. ಇದು ಅಂಟುರೋಗವಲ್ಲ, ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದೂ ಹೇಳಿದರು. ಕೊಟ್ರೇಶನ ಕಣ್ಣು ತುಂಬಿ ಬಂತು. ಇದೊಂದು ಮಾತು ಸಾಕಾಗಿತ್ತು ಅವನಿಗೆ.

ಅಷ್ಟರಲ್ಲಿ ಬಾಗಿಲಿಗೊರಗಿ ನಿಂತಿದ್ದ ನಲ್ಲಪ್ಪ, ತನ್ನ ಚರ್ಮ ಆದೀತೇ ಎಂದು ಕೇಳಿದ. ತೋಳು, ಬೆನ್ನು, ರಕ್ತ ಎಲ್ಲ ನೋಡಿದರು. ಏಳನೇ ಕ್ಲಾಸೂ ಪಾಸಾಗದ ನಲ್ಲಪ್ಪ ಅಂದು ಚರ್ಮದಲ್ಲಿ ಪಾಸಾಗಿಬಿಟ್ಟ. ಸೋಮವಾರದಿಂದ ಬಂದು ಮುಲಾಮು ಹಚ್ಚಿಸಿಕೊಳ್ಳಬೇಕಂತೆ.

ಸಂಜೆ ಬಸ್ ಸ್ಟಾಪಿಗೆ ಇಬ್ಬರೂ ಆಟೋದಲ್ಲೇ ಹೋದರು. ಮಹಾಂತಮ್ಮ ಕೂಸಿನೊಂದಿಗೆ ಮೊದಲು ಇಳಿದಳು. ಕೊಟ್ರೇಶ ಎರಡೂ ಕೈ ಚಾಚಿದ.

"ಇದು ಅಂಟೂ ರೋಗ ಅಲ್ಲಂತ ಅತ್ತೀ. ಡಾಕ್ಟರಮ್ಮನೇ ಹೇಳ್ಯಾರ."

ಗೆಳೆಯನಿಗೆ ಸಾಕ್ಷಿ ನಿಲ್ಲಲು ಹೊರಟ ನಲ್ಲಪ್ಪ, ತಾನೂ ಜೊತೆಗಿದ್ದುದನ್ನು, ಡಾಕ್ಟರು ತನ್ನನ್ನೇ ಆರಿಸಿದ್ದನ್ನು ಸವಿಸ್ತಾರವಾಗಿ ಹೇಳಿದ. ಮಹಾಂತಮ್ಮ ಇಬ್ಬರ ತೋಳುಗಳನ್ನೂ ಸಾವಧಾನವಾಗಿ ನೋಡಿದಳು.

"ಡಾಕ್ಟರು ಇಬ್ಬರ ಕೈನೂ ನೋಡ್ಯಾರ. ಅವರನ್ನ ಆರಿಸ್ಯಾರ, ನಿಮ್ಮನ್ನ ಮನಿಗೆ ಕಳಿಸ್ಯಾರ. ಇನ್ನೂ ನಾ ಬಾಯಿಬಿಟ್ಟು ಹೇಳಬೇಕೇನ್ರಿ?"

ಹೀಗೆಂದು ಕೂಸನ್ನು ನಲ್ಲಪ್ಪನ ತೋಳಿಗೆ ಕೊಟ್ಟಳು. ಕೊಟ್ರೇಶನ ಚಾಚಿದ ಕೈಗೆ ಬಂದದ್ದು ಅವಳು ಊರಿನಿಂದ ತಂದಿದ್ದ ರೊಟ್ಟಿಯ ಗಂಟು.