ಸಂಪರ್ಕ ಸರಿಯಾಗಿರುವ ಬಗ್ಗೆ ದೃಢೀಕರಣ

ಪಿರಿಯಾಪಟ್ಟಣದ ಯಶೋಧರಾ ಎಂಬುವವರ ಮನೆಯ ಇಂಟರ್‌ನೆಟ್ ಸಂಪರ್ಕವು ೨೦೦೬ರ ಜೂನ್ ಹನ್ನೆರಡನೇ ತಾರೀಕು ಸೋಮವಾರ ಕಡಿದುಹೋಗಿ, ಬುಧವಾರ ಕಡಿದಿಲ್ಲವೆಂದು ನಿಯಮಾನುಸಾರ ತೀರ್ಮಾನವಾಯಿತು.

ಗ್ರಂಥಪಾಲಕಿ ಹುದ್ದೆಗೆ ಅರ್ಜಿ ಹಾಕಲು ಶನಿವಾರ ಕೊನೆಯ ದಿನ. ಮುಂದಿನ ತಿಂಗಳು ಅವಳ ವಯೋಮಿತಿಯೂ ಮುಗಿಯುತ್ತಿತ್ತು. ಅರ್ಜಿ ಶುರುಮಾಡಿದ ಸಂಪರ್ಕದಿಂದಲೇ ಅದನ್ನು ಮುಗಿಸಬೇಕು, ಸೈಬರ್ ಸೆಂಟರಿನಿಂದ ಬಂದದ್ದು ತಿರಸ್ಕೃತ ಎಂದು ನೇಮಕಾತಿ ಮಂಡಳಿ ಮೊದಲೇ ಪ್ರಕಟಿಸಿ ಪುಣ್ಯ ಕಟ್ಟಿಕೊಂಡಿತ್ತು.

ಯಶೋಧರಾಳ ಕಂಪ್ಯೂಟರಿನಲ್ಲಿದ್ದುದು ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್. ಒಂದೊಂದೇ ಆಜ್ಞೆ ಟೈಪಿಸಿ ನೋಡಿದಳು. ಕಂಪ್ಯೂಟರ್ ಸರಿಯಿತ್ತು, ಮೋಡೆಮ್ ಸರಿಯಿತ್ತು, ಮೋಡೆಮಿನ ಲೈನ್ ದೀಪ ಮಾತ್ರ ಸತ್ತಿತ್ತು. ಹೊರಗೆ ಬಂದರೆ, ಕಂಬದಿಂದ ಕಿತ್ತುಬಂದ ತಂತಿ ನುಗ್ಗೆಮರದಲ್ಲಿ ಜೋತಾಡುತ್ತಿತ್ತು. ಲಕ್ಷ್ಮಣತೀರ್ಥ ಅಂತರ್ಜಾಲ ನಿಗಮಕ್ಕೆ ಹಾಗೆಂದೇ ದೂರು ಕೊಟ್ಟಳು.

ಬುಧವಾರ ತಪಾಸಣಾಧಿಕಾರಿ ಸಣ್ಣಯ್ಯನವರು ಬಂದರು. ತಲೆಗೆ ತಾಗುತ್ತಿದ್ದ ತಂತಿಯನ್ನು ಕೊಡೆಯಿಂದ ಪಕ್ಕಕ್ಕೆ ಸರಿಸಿ ಒಳಗೆ ಬಂದು ಕೂತರು. ಒಳಗಿನ ತಪಾಸಣೆ ಮುಗಿಯದೆ ಹೊರಗೆ ನೋಡುವಂತಿರಲಿಲ್ಲ. ತಪಾಸಣೆಗೆ ಹದಿನಾಲ್ಕು ಹಂತ. ಮೊದಲನೆಯದು, ಪರದೆಯ ಎಡ ಮೂಲೆಯ ಸ್ಟಾರ್ಟ್ ಬಟನ್ ಒತ್ತುವುದು. ಲಿನಕ್ಸಿನಲ್ಲಿ ಅದಿರುವುದಿಲ್ಲವೆಂದು ಯಶೋಧರಾ ತಿಳಿಸಿದಳು.

"ಇಲ್ದಿರೋದನ್ನ ನಾನೆಂಗವ್ವ ಒತ್ಲಿ? ಒತ್ತದೆ ಒತ್ತಿದೀನಿ ಅಂತ ಬರ್ಯೋಕೆ ನಮ್ ನಿಗಮ ಅಂಥದ್ದಲ್ಲ," ಎಂದರು ಸಣ್ಣಯ್ಯನವರು.

ಬಟನ್ ಇರುವ ವಿಂಡೋಸ್ ಸಿ.ಡಿ. ಅವರ ಚೀಲದಲ್ಲೇ ಇತ್ತು. ಐನೂರು ರೂಪಾಯಿ, ರಸೀದಿ ಇಲ್ಲ, ನಿಗಮಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಅದನ್ನು ಹಾಕಿದರೆ ಕಂಪ್ಯೂಟರಿನಲ್ಲಿದ್ದ ಅರ್ಧ ತುಂಬಿದ ಅರ್ಜಿ ಅಳಿಸಿಹೋಗುತ್ತಿತ್ತು. ಯಶೋಧರಾ ಕನ್ನಡಿಗೆ ಅಂಟಿಸಿಟ್ಟಿದ್ದ ಸ್ಟಿಕ್ಕರ್ ಬೊಟ್ಟೊಂದನ್ನು ಕಿತ್ತು ತಂದು ಪರದೆಯ ಎಡ ಮೂಲೆಗೆ ಅಂಟಿಸಿದಳು. ಸಣ್ಣಯ್ಯನವರು ಕನ್ನಡಕ ಏರಿಸಿ ನೋಡಿ, ಹೆಬ್ಬೆರಳಲ್ಲಿ ಒತ್ತಿ, ಸಮಾಧಾನಪಟ್ಟರು. ಉಳಿದ ಹದಿಮೂರು ಹಂತಗಳೂ ಸಲೀಸಾಗಿ ಮುಗಿದವು. ಒಳಗೆ ದೋಷವಿಲ್ಲ ಎಂದು ಬರೆದುಕೊಂಡರು.

ಹಾಗಾದರೆ ಇನ್ನು ತಂತಿ ನೋಡಬಹುದಲ್ಲ ಎಂದು ಅವಳು ಕೇಳಿದಳು. ಒಳಗೆ ದೋಷವಿಲ್ಲದ ಮೇಲೆ ದೂರೇ ಇಲ್ಲ, ದೂರಿಲ್ಲದೆ ತಂತಿ ಮುಟ್ಟುವುದು ಅಪರಾಧ ಎಂದು ಅವರು ತಾಳ್ಮೆಯಿಂದ ವಿವರಿಸಿದರು.

ಶನಿವಾರ ಬಂತು, ಹೋಯಿತು. ಹನ್ನೊಂದು ವರ್ಷದಿಂದ ಕಾದಿದ್ದ ಕೆಲಸ. ಯಶೋಧರಾ ಅಡುಗೆಮನೆಯಲ್ಲಿ ಕೂತು ಅತ್ತಳು. ಮಂಡಳಿಗೆ ಪತ್ರ ಬರೆದರೆ, ಸಂಪರ್ಕ ಕೆಟ್ಟಿತ್ತೆಂದು ನಿಗಮದಿಂದ ಪತ್ರ ತಂದಲ್ಲಿ ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ನಿಗಮದ ಪತ್ರವನ್ನು ಸಣ್ಣಯ್ಯನವರೇ ಖುದ್ದಾಗಿ, ಇನ್ನೂ ಜೋತಾಡುತ್ತಿದ್ದ ತಂತಿಯನ್ನು ಕೊಡೆಯಿಂದ ಸರಿಸಿಕೊಂಡು ತಂದರು: "ಸದರಿ ಸಂಪರ್ಕವು ದೂರಿನ ಅವಧಿಯುದ್ದಕ್ಕೂ ಸರಿಯಾಗಿತ್ತೆಂದು ಈ ಮೂಲಕ ದೃಢೀಕರಿಸಲಾಗಿದೆ." ಕೆಳಗೆ 'ಗ್ರಾಹಕರು ತೃಪ್ತರಾಗಿದ್ದಾರೆ' ಎಂಬಲ್ಲಿ ಅವಳ ಸಹಿ ಬೇಕಿತ್ತು. ಹಾಕದಿದ್ದರೆ ಏನಾಗುತ್ತದೆಂದು ಅವಳು ಕೇಳಿದಳು.

"ಸುಳ್ ದೂರು ಅಂತ ಸಂಪರ್ಕನೇ ಕಡ್ದುಬುಡ್ತಾರೆ ಕಣವ್ವ."

ಟೀ ತಂದ ತಾಯಿ ವೀರಮ್ಮನಿಗೆ ಗಾಬರಿಯಾಯಿತು. "ಆಕ್ಬುಡವ್ವ," ಎಂದಳು. "ಇರೋದನ್ನೂ ಯಾಕ್ ಕಳ್ಕೊತೀಯ."

ಯಶೋಧರಾ ಸಹಿ ಹಾಕಿದಳು.