ಗೊಂಬೆ ಕೂತ ಟೆಲಿವಿಷನ್ ರ‍್ಯಾಕು

ಜಯನಗರದ ಅಲಮೇಲಮ್ಮನವರ ಮನೆಯ ಗೊಂಬೆ ಮೆಟ್ಟಿಲಿಗೆ ಆ ವರ್ಷ ಗೆದ್ದಲು ಹಿಡಿಯದೆ ಇದ್ದಿದ್ದರೆ ಅನಂತರಾಮುವಿಗೆ ಇಷ್ಟೆಲ್ಲ ಪಾಡು ಬರುತ್ತಿರಲಿಲ್ಲ. ಗೆದ್ದಲೆಂದರೆ ಅಂತಿಂಥ ಗೆದ್ದಲಲ್ಲ. ತೇಗದ ಹಲಗೆ ತಿಂದು, ಮೊಳೆ ಚೀಪಿ, ಹಲಗೆಗೆ ಹಾಸುತ್ತಿದ್ದ ಪಂಚೆಯಲ್ಲಿ ಬಾಯಿ ಒರೆಸಿಕೊಂಡು ಹೋಗಿತ್ತು. ನವರಾತ್ರಿ ಬಾಗಿಲಿಗೆ ಬಂದಿದೆ, ಪಟ್ಟದ ಗೊಂಬೆಗೆ ಕೂರಲು ಜಾಗವಿಲ್ಲ. ಅಷ್ಟರಲ್ಲಿ ಮನೆ ಮುಂದೆ ಒಂದು ಲಾರಿ ಬಂದು, ಆಳೆತ್ತರದ ಕಬ್ಬಿಣದ ರ‍್ಯಾಕೊಂದನ್ನು ನಡುಮನೆಯಲ್ಲಿ ಇಳಿಸಿ ಹೋಯಿತು. ಬಾಗಿಲಿಲ್ಲ, ಬೆನ್ನಿಲ್ಲ, ಒಳಗೆಲ್ಲ ಅಡ್ಡಪಟ್ಟಿಗಳು. ಅಲಮೇಲಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಚಾಮುಂಡಿ ತಾಯಿ ಮೆಟ್ಟಿಲು ಕಳಿಸಿಕೊಟ್ಟಳು" ಎಂದರು.

ಕಳಿಸಿದ್ದು ಚಾಮುಂಡಿಯಲ್ಲ, ಊರಾಚೆಯ ರೇಡಿಯೋ ಕಾರ್ಖಾನೆ. ಅಲ್ಲಿಯವರು ಟೆಲಿವಿಷನ್ ಎಂಬ ಹೊಸ ಮಾಯೆಯನ್ನು ಮಾಡಿದ್ದರು. ಇಲ್ಲೊಂದು ಕ್ಯಾಮರಾ ಇಟ್ಟರೆ, ತಂತಿಯ ಆ ತುದಿಯಲ್ಲಿ ಗಾಜಿನ ಮೇಲೆ ಚಿತ್ರ ಬರುತ್ತದೆ. ಮಾತು ಬರುವುದಿಲ್ಲ, ಬರೀ ಚಿತ್ರ. ಬೆಂಗಳೂರಿನಲ್ಲಿ ಅದನ್ನು ಕಂಡವರೇ ಇಲ್ಲ. ಬಡಾವಣೆಯ ದಸರಾ ಚಪ್ಪರದಲ್ಲಿ ಆಯುಧಪೂಜೆಯ ಸಂಜೆ ಅದನ್ನು ತೋರಿಸುವುದೆಂದು ಕಾರ್ಖಾನೆಯ ದೊಡ್ಡ ಸಾಹೇಬರು ಮರುಳಸಿದ್ದಪ್ಪನವರು ಒಪ್ಪಿದ್ದರು. ಚಪ್ಪರಕ್ಕೆ ಬೀಗವಿಲ್ಲವೆಂದು ಸಾಮಾನನ್ನೆಲ್ಲ ಸಂಘದ ಕಾರ್ಯದರ್ಶಿ ರಾಮಪ್ರಸಾದನ ಮನೆಗೆ ಕಳಿಸಿದರು. ರಾಮಪ್ರಸಾದ ಅಲಮೇಲಮ್ಮನವರ ಮಗ. ತಾಯಿಯ ಮುಂದೆ ಬಾಯಿ ಬಿಡುವುದು ಊಟಕ್ಕೆ ಮತ್ತು ಆಕಳಿಕೆಗೆ ಮಾತ್ರ.

ರ‍್ಯಾಕನ್ನು ಜೋಡಿಸಿ ಚಿತ್ರ ಬರಿಸುವ ಕೆಲಸ ಅನಂತರಾಮುವಿನದು. ಪಾಪದ ಪ್ರಾಣಿ. ಕಾರ್ಖಾನೆಯಲ್ಲಿ ಅವನು ಟೆಂಪರವರಿ. ಎಷ್ಟು ಕಾಲದಿಂದ ಟೆಂಪರವರಿ ಎಂದರೆ, ಅವನ ಕಣ್ಣೆದುರು ನೆಟ್ಟ ಮಾವಿನ ಸಸಿ ಹಣ್ಣು ಬಿಟ್ಟು, ಆ ಹಣ್ಣಿನ ಓಟೆ ಬಿದ್ದು, ಅದೂ ಗಿಡವಾಗಿತ್ತು. ಸೋದರಮಾವ ಚಿದಂಬರಯ್ಯನವರ ಮಗಳು ವಿಮಲಾಳನ್ನು ಅವನಿಗೇ ಎಂದು ಚಿಕ್ಕಂದಿನಿಂದ ಅಂದುಕೊಂಡಿದ್ದರು. ಆದರೆ ಮದುವೆಯ ಮಾತೆತ್ತಿದಾಗಲೆಲ್ಲ ಮಾವ ಒಂದೇ ಪಲ್ಲವಿ ಹಾಡುತ್ತಿದ್ದರು: "ಟೆಂಪರವರಿ ಗಂಡಿಗೆ ಪರ್ಮನೆಂಟ್ ಹೆಣ್ಣು ಹೇಗೋ ಕೊಡೋದು?"

ಆಯುಧಪೂಜೆಯ ಹಿಂದಿನ ದಿನ ಸಾಹೇಬರು ಅವನನ್ನು ಕರೆದು, "ನಾಳೆ ಚಿತ್ರ ಬಂದರೆ ನೀನು ಖಾಯಂ. ಬರದಿದ್ರೆ ನಾಡಿದ್ದಿಂದ ನೀನೂ ಬರಬೇಡ" ಎಂದಿದ್ದರು. ಅನಂತರಾಮು ಸೀದಾ ಶ್ರೀನಗರದ ಮಾವನ ಮನೆಗೆ ಓಡಿ, ನಾಳೆ ಸಂಜೆ ವಿಮಲಾಳನ್ನೂ ಕರೆದುಕೊಂಡು ಟೆಲಿವಿಷನ್ ನೋಡಲು ಬನ್ನಿ ಎಂದು ಹೇಳಿ ಬಂದಿದ್ದ.

ಆಯುಧಪೂಜೆಯ ಬೆಳಿಗ್ಗೆ ಬಸ್ಸಿಳಿದು ನಡುಮನೆಗೆ ಕಾಲಿಟ್ಟವನು ಅಲ್ಲೇ ನಿಂತ. ರ‍್ಯಾಕಿನ ನೆತ್ತಿಯ ಮೇಲೆ ಪಟ್ಟದ ರಾಜ-ರಾಣಿ. ಕೆಳಗಿನ ಅಡ್ಡಪಟ್ಟಿಯ ಮೇಲೆ ದಶಾವತಾರ, ಅದರ ಕೆಳಗೆ ಬ್ಯಾಂಡ್‌ಸೆಟ್ಟು, ಅದರ ಕೆಳಗೆ ಶೆಟ್ಟರ ಅಂಗಡಿ, ತಳದಲ್ಲಿ ಪಾರ್ಕು. ರ‍್ಯಾಕಿನಲ್ಲಿ ಕೂರಬೇಕಾದ ಅವನ ಪೆಟ್ಟಿಗೆಗಳು, ಹಿಂದಿನ ಸಂಜೆ ಬಂದವು, ಕ್ಯಾಮರಾದ ಜೊತೆ ಪಕ್ಕದ ಮಣೆಯ ಮೇಲೆ ಸಾಲಾಗಿ ಕೂತು ಮೂರು ನಾಮ ಹಾಕಿಸಿಕೊಂಡು ಚೆಂಡುಹೂ ಮುಡಿದಿದ್ದವು. ಅವುಗಳ ಮುಂದೆ ಅವನ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಸ್ಪ್ಯಾನರುಗಳು ಅರಿಶಿನ ಕುಂಕುಮ ಹಚ್ಚಿಕೊಂಡು ಮದುಮಕ್ಕಳಂತೆ ಮಲಗಿದ್ದವು.

"ಬಾ ಅಂಬಿ," ಅಲಮೇಲಮ್ಮ ಅನಂತರಾಮುವನ್ನು ಕರೆದರು. "ನಿನ್ನ ಆಯುಧಕ್ಕೆಲ್ಲ ನಾನೇ ಪೂಜೆ ಮಾಡಿಬಿಟ್ಟೆ. ಅನಾಥವಾಗಿ ಬಿದ್ದಿದ್ದವು."

"ಅಮ್ಮಾವ್ರೇ, ಇದನ್ನ ಈಗಲೇ ಜೋಡಿಸಬೇಕು. ಸಂಜೆ ಸಾಹೇಬರು ಬರ್ತಾರೆ."

"ಪೂಜೆಗಿಟ್ಟ ಆಯುಧ ಮುಟ್ಟೋ ಹಾಗಿಲ್ಲ ಕಣೋ. ನಾಳೆ ದಶಮಿ, ಮರುಪೂಜೆ ಮಾಡಿ ಕೊಡ್ತೀನಿ."

"ಗೊಂಬೆನಾದ್ರೂ ಇಳಿಸಿ. ರ‍್ಯಾಕು ಚಪ್ಪರಕ್ಕೆ ಹೋಗಬೇಕು."

"ಕೂತ ಗೊಂಬೇನ ನಡುವೆ ಎಬ್ಬಿಸ್ತಾರೇನೋ? ಊಟಕ್ಕೆ ಕೂತ ಬ್ರಾಹ್ಮಣನ್ನ ಹುಳಿ ಬಡಿಸೋ ಹೊತ್ತಿಗೆ ಏಳು ಅಂದ ಹಾಗೆ."

ಅನಂತರಾಮು ರಾಮಪ್ರಸಾದನ ಕಡೆ ನೋಡಿದ. ರಾಮಪ್ರಸಾದ ಸೂರಿನ ಕಡೆ ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಸೀತಮ್ಮ ಚಕ್ಕುಲಿಯ ಡಬ್ಬಿ ಹಿಡಿದು ಬಂದರು. ಯಾರ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಮೂಗೊಡ್ಡುವ ಹೆಂಗಸು. ಕತೆಯನ್ನೆಲ್ಲ ಕೇಳಿ, ಒಂದು ಚಕ್ಕುಲಿ ಮುರಿದು, ನ್ಯಾಯ ತೀರಿಸಿದರು.

"ಕೆಲಸಕ್ಕೆ ಮುಟ್ಟಬಾರದು ಅಷ್ಟೇ ತಾನೆ ಅಲಮೇಲು? ದೇವರ ಅಲಂಕಾರಕ್ಕೆ ಮುಟ್ಟಬಹುದಲ್ಲ. ಪೆಟ್ಟಿಗೆಗಳನ್ನ ಗೊಂಬೆ ನಡುವೆನೇ ಕೂರಿಸಲಿ. ಚಪ್ಪರದಲ್ಲಿ ಹಾಳು ಭಾಷಣ ತೋರಿಸೋ ಬದಲು ನಿಮ್ಮ ಗೊಂಬೇನೇ ತೋರಿಸಲಿ. ಊರಿಗೆಲ್ಲ ದರ್ಶನ."

ತಮ್ಮ ಗೊಂಬೆ ಊರಿಗೆಲ್ಲ ಕಾಣುತ್ತದೆ ಎಂದಾಗ ಅಲಮೇಲಮ್ಮನವರ ಮಡಿ ಬೆಣ್ಣೆಯಂತೆ ಕರಗಿತು. "ಅಲಂಕಾರ ಅಂದ್ರೆ ದೋಷವಿಲ್ಲ. ಆದ್ರೆ ಆ ತಿರುಪು ತಿರುಗಿಸೋ ಆಯುಧ ಮಾತ್ರ ಮುಟ್ಟಬೇಡ" ಎಂದರು.

ಹೀಗಾಗಿ ಆ ದಿನ ಭರತಖಂಡದಲ್ಲೇ ಮೊದಲ ಬಾರಿಗೆ ಅಡುಗೆಮನೆಯ ದೋಸೆ ಮಗುಚುವ ಕೈಯಿಂದ ಟೆಲಿವಿಷನ್ನಿನ ತಿರುಪು ಬಿಗಿಯಲಾಯಿತು.

ಒಂದೊಂದು ಪೆಟ್ಟಿಗೆಗೂ ಒಂದೊಂದು ಜಗಳ. ಕರೆಂಟು ಕೊಡುವ ಪೆಟ್ಟಿಗೆ ಆನೆಮರಿಯಷ್ಟು ಭಾರ, ತಳದಲ್ಲಿ ಕೂರಬೇಕು; ಅಲ್ಲಿ ಪಾರ್ಕಿನ ಕೊಳ, ಕೊಳದಲ್ಲಿ ನಿಜವಾದ ನೀರು. ಕೊಳ ಸರಿಸಲು ಅಲಮೇಲಮ್ಮ ಒಪ್ಪುವ ಹೊತ್ತಿಗೆ ಪೆಟ್ಟಿಗೆ ಹೊತ್ತು ನಿಂತಿದ್ದ ಅವನ ಸೊಂಟ ಎರಡು ಊರಿನಲ್ಲಿತ್ತು. ಕ್ಯಾಮರಾವನ್ನು ನಡೆಸುವ ಪೆಟ್ಟಿಗೆ ಬ್ಯಾಂಡ್‌ಸೆಟ್ಟಿನ ಬೆನ್ನಿಗೆ ಹೋಯಿತು.

"ಈ ಪೆಟ್ಟಿಗೆ ಏನು ಮಾಡತ್ತೋ?" ಇನ್ನೊಂದನ್ನು ತೋರಿಸಿ ಅಲಮೇಲಮ್ಮ ಕೇಳಿದರು.

"ಅದು ತಾಳ ಹಾಕತ್ತೆ ಅಮ್ಮಾವ್ರೇ. ಮಿಕ್ಕ ಪೆಟ್ಟಿಗೆಗಳೆಲ್ಲ ಆ ತಾಳಕ್ಕೇ ಹೆಜ್ಜೆ ಹಾಕಬೇಕು. ತಾಳ ತಪ್ಪಿದ್ರೆ ಚಿತ್ರ ಬಿದ್ದುಹೋಗತ್ತೆ."

"ಹಾಗಾದ್ರೆ ಕೃಷ್ಣನ ಪಕ್ಕ ಇಡು. ಕೊಳಲಿಗೆ ತಾಳ ಸಿಕ್ಕಿದ ಹಾಗಾಯ್ತು."

ಇಟ್ಟ. ಚಿತ್ರದ ತಂತಿಯನ್ನು ಚಪ್ಪರಕ್ಕೆ ಎಳೆಯಲು ನಡುವೆ ಬೈರಣ್ಣನ ದನದ ಕೊಟ್ಟಿಗೆ ಅಡ್ಡ. ಬಡಾವಣೆ ಆಗುವ ಮೊದಲು ಅಲ್ಲಿಯದೆಲ್ಲ ಬೈರಣ್ಣನ ರಾಗಿ ಹೊಲ. ಈಗ ಹೊಲ ಹೋಗಿ ಬಾಡಿಗೆ ಮನೆಗಳು ಬಂದಿದ್ದವು, ಹಸು ಮಾತ್ರ ಉಳಿದಿತ್ತು. "ನಮ್ಮ ಗೌರಿಗೆ ಶಾಕ್ ಹೊಡೆದ್ರೆ ಹಾಲು ನೀವು ಕೊಡ್ತೀರಾ ಸ್ವಾಮಿ?" ಎಂದು ಶುರುಮಾಡಿದ ಬೈರಣ್ಣ, ಸೀತಮ್ಮ ಚಕ್ಕುಲಿ ಕೊಟ್ಟ ಮೇಲೆ ತಾನೇ ಹೆಂಚು ಹತ್ತಿ ತಂತಿ ಕಟ್ಟಿಕೊಟ್ಟ. ಆಮೇಲೆ ಕಾಂಪೌಂಡ್ ಗೋಡೆಯ ಮೇಲೆ ಕೂತು, ಚಪ್ಪರದಲ್ಲಿ ಟೆಲಿವಿಷನ್ ಪೆಟ್ಟಿಗೆಯ ಮುಂದೆ ನಿಂತ ರಾಮಪ್ರಸಾದ ಕೂಗಿದ್ದನ್ನು ಇಲ್ಲಿಗೆ ಮುಟ್ಟಿಸುವ ಕೆಲಸ ತನ್ನದೆಂದ.

ಸಂಜೆಯಾಯಿತು. ರ‍್ಯಾಕಿಗೆ ಎದುರಾಗಿ ಮುಕ್ಕಾಲಿಯ ಮೇಲೆ ಕ್ಯಾಮರಾ ನಿಂತಿತು. ಸ್ವಿಚ್ ಹಾಕಬಹುದೇ ಎಂದು ಅನಂತರಾಮು ಅಪ್ಪಣೆ ಬೇಡಿದ. "ದೀಪ ಹಚ್ಚೋಕೆ ಯಾವ ದೋಷ?" ಎಂದರು ಅಲಮೇಲಮ್ಮ. ಪೆಟ್ಟಿಗೆಗಳೊಳಗೆ ವಾಲ್ವುಗಳು ಕೆಂಪಗೆ ಹೊತ್ತಿಕೊಂಡವು. ದಶಾವತಾರಕ್ಕೆ ಕೆಳಗಿನಿಂದ ಬೆಳಕು ಬಿತ್ತು. ಹೆಂಗಸರು ಕೈ ಮುಗಿದರು. ಅನಂತರಾಮುವೂ ಮುಗಿದ.

"ಬೈರಣ್ಣ, ಚಿತ್ರ ಬಂತಾ ಕೇಳು."

ಬೈರಣ್ಣ ಅತ್ತ ಕೂಗಿ, ಕಿವಿಗೊಟ್ಟು, ಇತ್ತ ತಿರುಗಿದ. "ಇಲ್ವಂತೆ ಸ್ವಾಮಿ. ಅಮಾಸೆ ಥರ ಐತಂತೆ. ಸುತ್ತ ಒಸಿ ಬೆಳಕು, ನಡುವೆ ಕಪ್ಪು ಉಂಡೆ. ಜನ ಗ್ರಹಣ ಅಂತವ್ರೆ. ಯಾರೋ ಒಬ್ಬರು ಸ್ನಾನಕ್ಕೆ ಹೊಂಟೋದ್ರಂತೆ."

ಅನಂತರಾಮು ತಂತಿಗಳನ್ನು ಕಿತ್ತು ಚುಚ್ಚಿದ. ಗ್ರಹಣ ಬಿಡಲಿಲ್ಲ. ತಾಳದ ಪೆಟ್ಟಿಗೆಯನ್ನು ಕೃಷ್ಣನ ಪಕ್ಕದಿಂದ ಎಳೆದು ಮತ್ತೆ ತಳ್ಳಿದ. ಗ್ರಹಣ ಬಿಡಲಿಲ್ಲ. ದೋಸೆ ಮಗುಚುವ ಕೈ ಹಿಡಿದು ಗೊಂಬೆಗಳ ಸಂದಿಯಲ್ಲಿ ಭುಜದವರೆಗೆ ತೂರಿ ತಡಕಿದ. ಬೆವರು ಸುರಿದು ಪಾರ್ಕಿನ ಕೊಳ ತುಂಬಿತು.

"ಸಾಹೇಬ್ರು ಬಂದ್ರಂತೆ," ಗೋಡೆಯಿಂದ ಬೈರಣ್ಣ ಕೂಗಿದ. "ನಿಮ್ಮ ಮಾವನೂ ಬಂದವ್ರಂತೆ. ಮುಂದಿನ ಸಾಲಿನಾಗೆ ಅಕ್ಕಪಕ್ಕ ಕೂತವ್ರಂತೆ. ನಾನೂ ಒಂದ್ ಕಿತ ನೋಡ್ಕೊಂಡ್ ಬರ್ತೀನಿ." ಧಡಕ್ಕನೆ ಆಚೆ ಹಾರಿದ. ಚಪ್ಪರಕ್ಕೂ ಮನೆಗೂ ಇದ್ದ ಮಾತಿನ ಸೇತುವೆ ಅಲ್ಲಿಗೆ ಮುರಿಯಿತು.

ಅನಂತರಾಮು ರ‍್ಯಾಕಿನ ಮುಂದೆ ಕುಸಿದು ಕೂತ. "ಮುಗೀತು ಅಮ್ಮಾವ್ರೇ. ಕೆಲಸವೂ ಹೋಯ್ತು, ವಿಮಲಾನೂ ಹೋದಳು."

"ದೃಷ್ಟಿ ಕಣೋ," ಅಲಮೇಲಮ್ಮ ಕ್ಯಾಮರಾದ ಹತ್ತಿರ ಹೋದರು. "ಅದಕ್ಕೇ ಬೆಳಿಗ್ಗೇನೇ ಈ ಕಣ್ಣಿಗೆ ಕಾಡಿಗೆ ಬೊಟ್ಟು ಇಟ್ಟಿದ್ದೆ. ಏನೂ ಪ್ರಯೋಜನ ಆಗಲಿಲ್ಲ." ಹಾಗೆಂದು ಸೆರಗಿನ ತುದಿಯಿಂದ ಕ್ಯಾಮರಾದ ಗಾಜನ್ನು ಚೆನ್ನಾಗಿ ಉಜ್ಜಿ ಒರೆಸಿಬಿಟ್ಟರು. ಮಂಡಿಯಲ್ಲಿ ಮುಖ ಹುದುಗಿಸಿದ್ದ ಅನಂತರಾಮುವಿಗೆ ಅದು ಕಾಣಲೂ ಇಲ್ಲ, ಮಾತು ತಲೆಗೆ ಹೋಗಲೂ ಇಲ್ಲ.

ಚಪ್ಪರದ ಕಡೆಯಿಂದ ಗೊಲ್ಲೆಂದು ಗದ್ದಲ ಕೇಳಿತು.

"ಕೇಳಿ, ನನ್ನ ನೋಡಿ ನಗ್ತಿದ್ದಾರೆ," ಎಂದ.

"ಅದ್ಯಾವ ಸಾಹೇಬನೋ ನಿನ್ನನ್ನ ಇಷ್ಟು ಹೆದರಿಸಿರೋದು?" ಸೀತಮ್ಮ ಕ್ಯಾಮರಾದ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. "ನೋಡೋಕೆ ಹೇಗಿದ್ದಾನೆ?"

ಹೋಗುವ ಕೆಲಸ ಹೇಗೂ ಹೋಯಿತು. ಇಷ್ಟು ಕಾಲ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಉಕ್ಕಿತು. ಅನಂತರಾಮು ಎದ್ದು ನಿಂತ. "ಹೇಗಿದ್ದಾರೆ ಅಂದ್ರೆ, ನೋಡಿ" ಎಂದು ಪಂಚೆಯೊಳಗೆ ಒಂದು ದಿಂಬು ತುರುಕಿ ಹೊಟ್ಟೆ ಮಾಡಿಕೊಂಡ. ಆ ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ನಡೆದ. ಇಲ್ಲದ ನಶ್ಯದ ಡಬ್ಬಿ ತೆಗೆದು, ತಟ್ಟಿ, ಚಿಟಿಕೆ ಏರಿಸಿ, ಸೀನು ಬರುವುದಕ್ಕೆ ಕಾದ. ಬಂತು ಅಂದುಕೊಂಡು ಬಾಯಿ ತೆರೆದ, ಬರಲಿಲ್ಲ. ಮತ್ತೆ ಕಾದ. ಕಡೆಗೆ ಸೀನಿದ ರಭಸಕ್ಕೆ ತಾನೇ ಬೆಚ್ಚಿ, "ಯಾರದು?" ಎಂದು ಹಿಂದೆ ತಿರುಗಿ ನೋಡಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಚಪ್ಪರದಲ್ಲೂ ನಗು ಸ್ಫೋಟವಾಯಿತು. ಅದು ಕೇಳಿ ಅವನಿಗೆ ರೋಷ ಹೆಚ್ಚಿತು. ಶೆಟ್ಟರ ಗೊಂಬೆಯನ್ನು ಎತ್ತಿಕೊಂಡು, ಬೆರಳಾಡಿಸಿ ಗದರಿ, ಗದರುವಾಗಲೇ ನಿದ್ದೆ ಹೋಗಿ, ಗೊರಕೆಗೆ ಎದ್ದು ಮತ್ತೆ ಗದರಿದ. ಬಡಾವಣೆಯ ಕಾಗೆಗಳೆಲ್ಲ ಹಾರಿಹೋಗುವಂಥ ನಗು ಎದ್ದಿತು.

ಬೈರಣ್ಣ ಏದುಸಿರು ಬಿಡುತ್ತ ಓಡಿಬಂದ. "ಸ್ವಾಮಿ, ನಿಲ್ಲಿಸ್ಬೇಡಿ. ಸಖತ್ತಾಗಿ ಬತ್ತಾ ಐತೆ. ಹೊಟ್ಟೆ ಹೊತ್ಕೊಂಡು ಹೋದ್ರಲ್ಲ, ಅಲ್ಲಿಂದ ಎಲ್ಲಾ ಕಾಣ್ತು."

ಅನಂತರಾಮುವಿನ ದಿಂಬು ಜಾರಿ ಕೆಳಗೆ ಬಿತ್ತು.

"ಸಾಹೇಬ್ರೂ ನೋಡಿದ್ರಾ?"

"ನೋಡೋದೇನು, ಅವ್ರಿಗೇ ಜಾಸ್ತಿ ನಗು. ನಿಮ್ಮನ್ನ ಈಗಲೇ ಕರ್ಕೊಂಡ್ ಬಾ ಅಂದವ್ರೆ."

ಚಪ್ಪರದವರೆಗಿನ ನಾಲ್ಕು ಹೆಜ್ಜೆ ಅವನಿಗೆ ಕಾಶಿಯಾತ್ರೆಯಾಯಿತು. ಮುಂದಿನ ಸಾಲಿನಲ್ಲಿ ಮರುಳಸಿದ್ದಪ್ಪನವರು ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಚಿದಂಬರಯ್ಯನವರು, ಅವರೂ ನಕ್ಕು ನಕ್ಕು ಶಲ್ಯ ಒದ್ದೆ ಮಾಡಿಕೊಂಡಿದ್ದರು. ಆಚೆ ವಿಮಲಾ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಭೇಷ್ ಕಣಯ್ಯ," ಸಾಹೇಬರು ಹೊಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು ಎದ್ದರು. "ಚಿತ್ರ ಅಂದ್ರೆ ಚಿತ್ರ. ನೀನು ಖಾಯಂ. ನಿಮ್ಮ ಮಾವನಿಗೂ ಹೇಳಿದೀನಿ. ಇನ್ನು ಮದುವೆ ಊಟ ಹಾಕಿಸೋದೊಂದೇ ಬಾಕಿ."

"ಮಾರ್ಗಶಿರದಲ್ಲೇ ಮುಹೂರ್ತ ನೋಡ್ತೀನಿ" ಎಂದರು ಚಿದಂಬರಯ್ಯ. ಅನಂತರಾಮುವಿಗೆ ನೆಲ ಕಾಲಿಗೆ ಸಿಗಲಿಲ್ಲ.

"ಅದಿರಲಿ," ಸಾಹೇಬರು ನಶ್ಯದ ಡಬ್ಬಿ ತೆಗೆದು, ತಟ್ಟಿ, ಚಿಟಿಕೆ ಏರಿಸಿದರು. "ನೀನು ಮಾಡಿ ತೋರಿಸಿದ್ದು ಯಾರನ್ನಯ್ಯ? ಆ ನಡಿಗೆ, ಆ ಸೀನು... ನನಗೂ ಎಲ್ಲೋ ನೋಡಿದ ಹಾಗಿದೆ. ಆಫೀಸಿನೋರಾ?"

ಬಾಯಿ ತೆರೆದು ಸೀನಿಗೆ ಕಾಯುತ್ತ ಅವನನ್ನೇ ನೋಡಿದರು. ಚಪ್ಪರವೆಲ್ಲ ಕಿವಿಯಾಯಿತು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವಿಮಲಾ ಹೋಗುತ್ತಾಳೆ. ಅನಂತರಾಮುವಿನ ನಾಲಿಗೆ, ಪಾಪ, ಹತ್ತಿರ ಸಿಕ್ಕ ಹೆಸರಿಗೆ ನೇತುಬಿದ್ದಿತು.

"ಇಲ್ಲ ಸಾರ್. ಅದು... ನಮ್ಮ ಸೋದರಮಾವ."

ಚಿದಂಬರಯ್ಯನವರ ನಗು ನಿಂತಿತು. ಒದ್ದೆ ಶಲ್ಯವನ್ನು ನಿಧಾನವಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡರು.

"ಖಾಯಂ ಆಯ್ತಲ್ಲಪ್ಪ. ಇನ್ನು ಆ ಕೆಲಸಕ್ಕೇ ತಾಳಿ ಕಟ್ಟು. ನಡಿ ವಿಮಲಾ, ಶ್ರೀನಗರದ ಬಸ್ಸು ಹೋಗಿಬಿಡತ್ತೆ."

ವಿಮಲಾ ಒಂದು ಸಲ ತಿರುಗಿ ನೋಡಿದಳು. ಅಪ್ಪ ಕೈ ಹಿಡಿದು ಎಳೆದರು.

ಸಾಹೇಬರು ಭರ್ಜರಿಯಾಗಿ ಸೀನಿ, ಯಾರದೆಂದು ಒಮ್ಮೆ ಹಿಂದೆ ತಿರುಗಿ ನೋಡಿ, ಅನಂತರಾಮುವಿನ ಹೆಗಲ ಮೇಲೆ ಕೈ ಹಾಕಿದರು. "ಹೋಗಲಿ ಬಿಡಯ್ಯ. ಹೆಣ್ಣು ನೂರು ಸಿಗತ್ತೆ, ಕೆಲಸ ಸಿಗಲ್ಲ. ನಿನ್ನ ಆರ್ಡರು ನಾಡಿದ್ದು ಸೈನ್ ಮಾಡ್ತೀನಿ. ನಾಳೆ ಹಬ್ಬದೂಟಕ್ಕೆ ನಮ್ಮನೆಗೆ ಬಾ. ನಿಮ್ಮ ಮಾವನ್ನ ಇನ್ನೊಂದು ಸಲ ಮಾಡಿ ತೋರಿಸ್ಬೇಕು, ನಮ್ಮ ಮನೆಯವಳ ಮುಂದೆ."